ಮೂರನೆಯ ಸಲ ‘ಎಚ್’ ಪರೀಕ್ಷೆಗೆ ಹೋಗುವ ಮೊದಲು

ಪ್ರಶ್ನೆ: ನಾನು ವಿಟ್ಲದ ಕಡೆಯಿಂದ ಮದುವೆಯಾಗಿ ಕುಂಬಳೆಗೆ ಬಂದವಳು, ವಯಸ್ಸು 34. ಕಾರಿನ ಲೈಸೆನ್ಸಿಗಾಗಿ ಕಾಸರಗೋಡಿನಲ್ಲಿ ಎರಡು ಸಲ ಪರೀಕ್ಷೆಗೆ ಹೋಗಿದ್ದೇನೆ, ಎರಡು ಸಲವೂ ‘ಎಚ್’ನಲ್ಲಿಯೇ (ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ದಾರಿಯಲ್ಲಿ, ಬದಿಯ ಕಂಬಗಳಿಗೆ ತಾಗದಂತೆ ಕಾರನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವ ಪರೀಕ್ಷೆ) ಸೋತಿದ್ದೇನೆ. ಮೊದಲ ಸಲ ಹಿಂದಕ್ಕೆ ಬರುವಾಗ ಎರಡನೆಯ ತಿರುವಿನಲ್ಲಿ ಕಾರಿನ ಮುಂಭಾಗ ಕಂಬಕ್ಕೆ ತಾಗಿತು. ಎರಡನೆಯ ಸಲ ನಡುವೆ ಎಂಜಿನ್ ಬಂದ್ ಆಯಿತು, ಗಾಬರಿಯಲ್ಲಿ ಮತ್ತೆ ಹೊರಟಾಗ ಕಂಬಕ್ಕೆ ತಾಗಿತು. ಡ್ರೈವಿಂಗ್ ಶಾಲೆಯಲ್ಲಿ ಅಭ್ಯಾಸ ಮಾಡುವಾಗ ಹೀಗಾಗುತ್ತಿರಲಿಲ್ಲ. ಎಷ್ಟನೆಯ ಕಂಬ ಯಾವ ಕಿಟಕಿಯಲ್ಲಿ ಕಂಡಾಗ ಸ್ಟೇರಿಂಗ್ ಎಷ್ಟು ತಿರುಗಿಸಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಈಗ ಭಾನುವಾರಗಳಲ್ಲಿ ಮೈದುನ ತನ್ನ ಕಾರಿನಲ್ಲಿ ಕಲಿಸುತ್ತಾನೆ. ನನಗೆ ಮಲಯಾಳ ಅಷ್ಟಾಗಿ ಬಾರದು, ರಸ್ತೆಯ ಪರೀಕ್ಷೆಯ ಬಗ್ಗೆಯೂ ಹೆದರಿಕೆ ಇದೆ, ಅದರ ಮೇಲೆ ಮಳೆಗಾಲ ಬೇರೆ. ತವರಿಗೆ ಹೋದಾಗ ಅಲ್ಲಿ ಕಾರು ಓಡಿಸಿ ಅಭ್ಯಾಸ ಮಾಡಬಹುದೇ? ಮಂಗಳೂರಿನಲ್ಲಿ ಪರೀಕ್ಷೆ ಕೊಟ್ಟರೆ ಆಗದೇ? ಮೂರನೆಯ ಸಲ ಈಗಲೇ ಹೋಗಲೇ, ಮುಂದೂಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸೋಲುಗಳು ಬೇರೆ ಬೇರೆಯಾಗಿ ಕಾಣುತ್ತವೆಯಾದರೂ, ಅನೇಕ ವರ್ಷ ಈ ಜಿಲ್ಲೆಯಲ್ಲಿ ಕಾರು ಕಲಿಸಿದ ಅನುಭವದಿಂದ ಹೇಳುವುದಾದರೆ, ಅವೆರಡರ ಬೇರು ಒಂದೇ. ನೀವು ಕಂಬಗಳ ಗುರುತನ್ನು ಬಾಯಿಪಾಠ ಮಾಡಿದ್ದೀರಿ, ಆದರೆ ಕಾರಿನ ನಾಲ್ಕು ಮೂಲೆಗಳು ಯಾವಾಗ ಎಲ್ಲಿರುತ್ತವೆ ಎಂಬುದು ನಿಮ್ಮ ಅಂದಾಜಿಗೆ ಇನ್ನೂ ಬಂದಿಲ್ಲ. ಮೂರನೆಯ ಕಂಬ ಹಿಂದಿನ ಕಿಟಕಿಯ ಮೂಲೆಗೆ ಬಂದಾಗ ಪೂರ್ತಿ ತಿರುಗಿಸಿ ಎಂಬಂಥ ಗುರುತು, ಅದೇ ಕಾರು, ಅದೇ ಸೀಟು, ಅದೇ ಮೈದಾನ ಇದ್ದಾಗ ಮಾತ್ರ ಸರಿಯಾಗುತ್ತದೆ. ಸೀಟನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಎಳೆದರೆ, ಬೆನ್ನಿನ ಒರಗು ಸ್ವಲ್ಪ ನೇರವಾದರೆ, ಅಥವಾ ಕಲಿತ ಕಾರಿಗೆ ಬದಲಾಗಿ ಶಾಲೆಯ ಇನ್ನೊಂದು ಕಾರು ಪರೀಕ್ಷೆಗೆ ಬಂದರೆ, ಕಣ್ಣಿನ ನೆಲೆ ಬದಲಾಗಿ ಕಂಬ ಅದೇ ಕಿಟಕಿಯಲ್ಲಿ ಕಾಣುವ ಹೊತ್ತಿಗೆ ಕಾರು ಒಂದಡಿ ಮುಂದೋ ಹಿಂದೋ ಇರುತ್ತದೆ. ‘ಎಚ್’ನಲ್ಲಿ ಒಂದಡಿ ಎಂದರೆ ಕಂಬಕ್ಕೂ ಕಾರಿಗೂ ನಡುವೆ ಇರುವ ಎಡೆಯೆಲ್ಲ ಅದೇ. ಹೀಗೆ ಕಲಿಸುವ ಶಾಲೆಗಳನ್ನು ನಾನು ಪೂರ್ತಿಯಾಗಿ ದೂರುವುದಿಲ್ಲ, ಕಡಿಮೆ ದಿನಗಳಲ್ಲಿ ಹೆಚ್ಚು ಜನರನ್ನು ದಾಟಿಸಬೇಕಾದ ಒತ್ತಡ ಅವರಿಗಿದೆ. ಆದರೆ ಆ ಗುರುತುಗಳಿಂದ ಲೈಸೆನ್ಸು ಪಡೆದವರು ಮರುವಾರ ಸ್ವಂತ ಕಾರನ್ನು ಮನೆಯ ಗೇಟಿನೊಳಗೆ ಹಿಂದಕ್ಕೆ ತರಲಾರದೆ ಬೇರೆಯವರನ್ನು ಕರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದ್ದರಿಂದ ಗುರುತುಗಳನ್ನು ಸದ್ಯಕ್ಕೆ ಮರೆತು, ಹಿಂದಕ್ಕೆ ಹೋಗುವಾಗ ಕಾರು ಹೇಗೆ ತಿರುಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮುಂದಿನ ಚಕ್ರಗಳು ಮಾತ್ರ ತಿರುಗುವುದರಿಂದ ಹಿಂದಿನ ಚಕ್ರಗಳು ಯಾವಾಗಲೂ ಒಳಸುತ್ತಿನಲ್ಲಿ ಹೋಗುತ್ತವೆ, ಮುಂಭಾಗ ಹೊರಸುತ್ತಿನಲ್ಲಿ ಬೀಸಿಕೊಂಡು ಬರುತ್ತದೆ. ಹಿಂದಕ್ಕೆ ಹೋಗುವಾಗ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಕಾರಿನ ಹಿಂಭಾಗ ಬಲಕ್ಕೆ ಹೋಗುತ್ತದೆ, ಅದೇ ಹೊತ್ತಿಗೆ ಮೂತಿ ಎಡಕ್ಕೆ ಬೀಸುತ್ತದೆ. ‘ಎಚ್’ನ ಎಡಗಾಲಿನ ತುದಿಯವರೆಗೆ ಮುಂದಕ್ಕೆ ಹೋಗಿ, ನಡುವಿನ ಅಡ್ಡದಾರಿಯ ಮೂಲಕ ಹಿಂದಕ್ಕೆ ಬಂದು ಬಲಗಾಲಿಗೆ ಇಳಿಯುವಾಗ ಸ್ಟೇರಿಂಗ್ ಮೊದಲು ಬಲಕ್ಕೆ, ಅಡ್ಡದಾರಿಯಲ್ಲಿ ಕ್ಷಣ ಹೊತ್ತು ನೇರಕ್ಕೆ, ಆಮೇಲೆ ಎಡಕ್ಕೆ. ಮರಳಿ ಬರುವಾಗ ಇದೇ ಕ್ರಮ ತಿರುವುಮುರುವಾಗುತ್ತದೆ. ಈಗ ನಿಮ್ಮ ಮೊದಲ ಸೋಲನ್ನು ನೆನಪಿಸಿಕೊಳ್ಳಿ. ಎರಡನೆಯ ತಿರುವಿನಲ್ಲಿ ಸ್ಟೇರಿಂಗ್ ಎಡಕ್ಕೆ ಇದ್ದಾಗ ನಿಮ್ಮ ಗಮನವೆಲ್ಲ ಎಡಗಡೆಯ ಹಿಂದಿನ ಚಕ್ರ ಒಳಮೂಲೆಯ ಕಂಬವನ್ನು ತಪ್ಪಿಸಿಕೊಳ್ಳುತ್ತದೆಯೇ ಎಂಬುದರಲ್ಲಿತ್ತು, ಅದೇ ಹೊತ್ತಿನಲ್ಲಿ ಯಾರೂ ನೋಡದ ಬಲಗಡೆಯ ಮೂತಿ ಹೊರಗಿನ ಕಂಬದತ್ತ ಬೀಸಿತು. ಹಿಂದಕ್ಕೆ ಬರುವಾಗ ಮುಂಭಾಗ ತಾಗಿದ್ದು ಹೇಗೆ ಎಂದು ನೀವು ಆಶ್ಚರ್ಯಪಟ್ಟಿರಬಹುದು. ಹಿಮ್ಮುಖ ತಿರುವಿನಲ್ಲಿ ಹೆಚ್ಚಿನವರು ತಾಗಿಸುವುದು ಮುಂಭಾಗವನ್ನೇ. ತಿರುವು ಅರ್ಧಕ್ಕೆ ಬಂದಾಗ ಒಂದು ಸಲ ಹೊರಗಡೆಯ ಮುಂಭಾಗದ ಮೂಲೆಯನ್ನು ಕಣ್ಣೆತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಮರುಕಳಿಸುವುದಿಲ್ಲ.

ಹಾಗೆ ಕಣ್ಣೆತ್ತಿ ನೋಡಲು ಬಿಡುವು ಬೇಕು, ಆ ಬಿಡುವು ಕೊಡುವುದು ಕ್ಲಚ್. ನಿಮ್ಮ ಎರಡನೆಯ ಸೋಲು ಇಲ್ಲಿದೆ. ಕ್ಲಚ್ ಪೆಡಲನ್ನು ಮೆಲ್ಲನೆ ಬಿಡುತ್ತಾ ಬಂದಾಗ ಒಂದು ಹಂತದಲ್ಲಿ ಎಂಜಿನಿನ ಸದ್ದು ತುಸು ಇಳಿದು, ಕಾರಿನಲ್ಲಿ ಸಣ್ಣ ನಡುಕ ಹುಟ್ಟಿ, ಚಕ್ರ ಹೊರಡಲು ಹವಣಿಸುತ್ತದೆ. ನಾವು ಹಾಫ್ ಕ್ಲಚ್ ಎನ್ನುವುದು ಈ ನೆಲೆಯನ್ನೇ. ಪಾದ ಅಲ್ಲಿಯೇ ನಿಂತರೆ ಕಾರು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ತೆವಳುತ್ತದೆ. ಒಂದು ಅಂಗುಲ ಹೆಚ್ಚು ಬಿಟ್ಟರೆ ಜಿಗಿಯುತ್ತದೆ, ಇಲ್ಲವೇ ಎಂಜಿನ್ ಬಂದ್ ಆಗುತ್ತದೆ. ಈ ನೆಲೆ ಪ್ರತಿಯೊಂದು ಕಾರಿನಲ್ಲಿಯೂ ಬೇರೆ. ಕೆಲವು ಕಾರುಗಳಲ್ಲಿ ಪೆಡಲು ನೆಲದ ಹತ್ತಿರ ಇರುವಾಗಲೇ ಸಿಗುತ್ತದೆ, ಸವೆದ ಕ್ಲಚ್ಚಿನ ಹಳೆಯ ಕಾರುಗಳಲ್ಲಿ ಪೆಡಲು ಬಹುಮಟ್ಟಿಗೆ ಮೇಲಕ್ಕೆ ಬಂದ ಮೇಲೆ ಸಿಗುತ್ತದೆ. ಮೈದುನನ ಕಾರಿಗೆ ಒಗ್ಗಿದ ಕಾಲು ಪರೀಕ್ಷೆಯ ದಿನ ಶಾಲೆಯ ಕಾರಿನಲ್ಲಿ ಮೋಸಹೋಗುವುದು ಸಹಜ, ಅದರಲ್ಲಿ ನಿಮ್ಮ ದಡ್ಡತನವೇನೂ ಇಲ್ಲ.

ಇದಕ್ಕೆ ನಾನು ಎಲ್ಲರಿಗೂ ಮಾಡಿಸುತ್ತಿದ್ದ ಅಭ್ಯಾಸ ಒಂದಿದೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಆ್ಯಕ್ಸಿಲರೇಟರನ್ನು ಮುಟ್ಟದೆ, ಬರಿಯ ಕ್ಲಚ್ಚಿನಿಂದ ಕಾರನ್ನು ಹತ್ತು ಮಾರು ಮುಂದಕ್ಕೂ ಹತ್ತು ಮಾರು ಹಿಂದಕ್ಕೂ ತೆವಳಿಸಬೇಕು, ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಹೊರಡಬೇಕು. ಹಿಮ್ಮಡಿ ನೆಲದ ಮೇಲೆ ಊರಿರಲಿ, ಪಾದದ ಮುಂಭಾಗ ಮಾತ್ರ ಪೆಡಲಿನ ಮೇಲಿರಲಿ. ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಮೀನಖಂಡ ನಡುಗತೊಡಗುತ್ತದೆ, ನಡುಗುವ ಕಾಲಿನಿಂದ ಹಾಫ್ ಕ್ಲಚ್ ಹಿಡಿಯಲಾಗದು. ಎಂಜಿನ್ ಬಂದ್ ಬೀಳದೆ ಅರ್ಧ ಗಂಟೆ ಕಳೆಯಿತೆಂದರೆ ಅದೇ ಕೆಲಸವನ್ನು ಬೇರೆಯವರ ಕಾರಿನಲ್ಲಿ ಮಾಡಿ ನೋಡಿ. ಹೀಗೆ ತೆವಳುವ ಕಾರಿನಲ್ಲಿ ಕೈಗೆ ಬೇಕಾದಷ್ಟು ಸಮಯ ಸಿಗುತ್ತದೆ. ‘ಎಚ್’ನಲ್ಲಿ ಕಾರು ನಿಧಾನ, ಕೈ ಚುರುಕು ಇರಬೇಕು, ಹೆಚ್ಚಿನ ಕಲಿಕೆಯವರಲ್ಲಿ ಇದು ತಲೆಕೆಳಗಾಗಿ, ಕಾರು ಓಡುತ್ತದೆ, ಕೈ ಯೋಚಿಸುತ್ತಾ ನಿಲ್ಲುತ್ತದೆ.

ಅಭ್ಯಾಸದ ಜಾಗದ ಬಗ್ಗೆ ಕಾಸರಗೋಡಿನವರಿಗೆ ಚಿಂತೆ ಬೇಡ. ಕುಂಬಳೆಯಿಂದ ಸೀತಾಂಗೋಳಿಯ ಕಡೆಗೆ ಏರಿದರೆ ಮುರಕಲ್ಲಿನ ಗಟ್ಟಿ ಪದವುಗಳಿವೆ. ಅಲ್ಲಿ ಜಾಗದವರ ಒಪ್ಪಿಗೆ ಪಡೆದು ಮಾಡಬಹುದು. ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳ ದೊಡ್ಡದಿದ್ದರೆ ಅದೂ ಸಾಕು, ಮಳೆಗಾಲದಲ್ಲಿ ಹೇಗೂ ಅಲ್ಲಿ ಅಡಿಕೆ ಇರುವುದಿಲ್ಲ, ಪಾಚಿ ಕಟ್ಟಿದ್ದರೆ ಮಾತ್ರ ಮೊದಲು ಉಜ್ಜಿ ತೆಗೆಯಿರಿ. ಖಾಲಿ ಪೇಂಟ್ ಡಬ್ಬಗಳಲ್ಲಿ ಮರಳು ತುಂಬಿ, ಅಡಿಕೆ ಮರದ ಸೀಳುಗಳನ್ನು ನಿಲ್ಲಿಸಿದರೆ ಕಂಬಗಳಾದವು. ತಾಗಿದರೆ ಬೀಳುತ್ತವೆ, ಕಾರಿಗೆ ಏಟಾಗುವುದಿಲ್ಲ. ಸಣ್ಣ ಕಾರಿನ ಅಗಲ ಸುಮಾರು 1.5 ಮೀಟರ್. ಮೊದಲ ವಾರ ಅದರ ಎರಡರಷ್ಟು ಅಗಲದ ದಾರಿ ಮಾಡಿಕೊಳ್ಳಿ, ತಾಗದೆ ಹೋಗುವುದು ಅಭ್ಯಾಸವಾದಂತೆ ಕಂಬಗಳನ್ನು ಒಂದೊಂದು ಗೇಣು ಒಳಕ್ಕೆ ತನ್ನಿ. ಪ್ರತಿಸಲ ತಾಗಿದಾಗಲೂ ಕಾರನ್ನು ಅಲ್ಲಿಯೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಳಿದು ಬಂದು ಯಾವ ಮೂಲೆ ಎಲ್ಲಿ ತಾಗಿತೆಂದು ಕಣ್ಣಾರೆ ನೋಡಿ, ಮತ್ತೆ ಒಳಗೆ ಕುಳಿತು ಅದೇ ದೃಶ್ಯ ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಎಂದು ಹೋಲಿಸಿ. ಹೀಗೆ ಇಳಿದು ನೋಡುವುದಕ್ಕೆ ಬೇಸರಪಡಬೇಡಿ, ಮೂಲೆಗಳ ಅಂದಾಜು ಬರುವುದಕ್ಕೆ ನನಗೆ ತಿಳಿದಿರುವ ಅತ್ಯಂತ ಹತ್ತಿರದ ದಾರಿ ಇದು.

ಕೇರಳದಲ್ಲಿ ‘ಎಚ್’ ಎಂದರೆ ಜನ ಅದೊಂದು ಪ್ರತ್ಯೇಕ ಸರ್ಕಸ್ ಎಂಬಂತೆ ಮಾತನಾಡುತ್ತಾರೆ. ನಿಜವಾಗಿ ಇದರ ಮೂಲ ದೇಶಕ್ಕೆಲ್ಲ ಒಂದೇ ಆದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅದರ 15ನೆಯ ನಿಯಮ ಚಾಲಕರಿಂದ ಏನೇನು ನಿರೀಕ್ಷಿಸಬೇಕೆಂದು ಹೇಳುವಾಗ, ಎಡಕ್ಕಾಗಲಿ ಬಲಕ್ಕಾಗಲಿ ಇಕ್ಕಟ್ಟಾದ ಎಡೆಯೊಳಗೆ ವಾಹನವನ್ನು ಹತೋಟಿಯಲ್ಲಿಟ್ಟು ಹಿಂದಕ್ಕೆ ತರುವುದು ಮತ್ತು ಮುಂದಿನ ಹಾಗೂ ರಿವರ್ಸ್ ಗೇರುಗಳನ್ನು ಬಳಸಿ ವಾಹನವನ್ನು ಎದುರು ದಿಕ್ಕಿಗೆ ತಿರುಗಿಸಿ ನಿಲ್ಲಿಸುವುದು ಎಂಬ ಎರಡು ಕೌಶಲಗಳನ್ನೂ ಸೇರಿಸಿದೆ. ನೆಲದ ಮೇಲೆ ಎಳೆದ ಗೆರೆ ‘ಎಚ್’ ಆಕಾರದಲ್ಲಿರಲಿ, ಪಕ್ಕಕ್ಕೆ ಪಾರ್ಕ್ ಮಾಡುವ ಚೌಕವಾಗಿರಲಿ, ಹಾವಿನಂತೆ ಸುತ್ತುವ ದಾರಿಯಾಗಿರಲಿ, ಮೇಲೆ ಹೇಳಿದಂತೆ ಕಲಿತವರಿಗೆ ಅದು ಹೊಸ ಪಾಠವಾಗುವುದಿಲ್ಲ.

ಇನ್ನು ರಸ್ತೆಯ ಪರೀಕ್ಷೆ. ಅದೇ 15ನೆಯ ನಿಯಮದಲ್ಲಿ ನಮ್ಮ ಜಿಲ್ಲೆಗೆಂದೇ ಬರೆದಂತಿರುವ ಒಂದು ಮಾತಿದೆ: ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಕರಾವಳಿಯ ಊರೆಂದರೆ ಸಮತಟ್ಟು ಎಂದು ದೂರದವರು ತಿಳಿಯುತ್ತಾರೆ, ಆದರೆ ಇಲ್ಲಿ ಕಡಲಿನಿಂದ ಸ್ವಲ್ಪ ದೂರ ಬಂದೊಡನೆ ಮುರಕಲ್ಲಿನ ದಿಣ್ಣೆಗಳು ಎದುರಾಗುತ್ತವೆ, ರೈಲು ಹಳಿಯ ಮೇಲೆ ಕಟ್ಟಿದ ಮೇಲ್ಸೇತುವೆಗಳೂ ಏರೇ. ಏರಿನಲ್ಲಿ ಹೊರಡುವಾಗ ಹ್ಯಾಂಡ್‌ಬ್ರೇಕ್ ಹಾಕಿರಲಿ, ಮೊದಲ ಗೇರು ಹಾಕಿ ಕ್ಲಚ್ಚನ್ನು ಹಾಫ್ ಕ್ಲಚ್ ನೆಲೆಗೆ ತಂದು, ಮೂತಿ ತುಸು ಮೇಲೆದ್ದಂತೆ ಅನಿಸಿದಾಗ ಆ್ಯಕ್ಸಿಲರೇಟರ್ ಒಂದಿಷ್ಟು ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕನ್ನು ಇಳಿಸಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಹ್ಯಾಂಡ್‌ಬ್ರೇಕನ್ನು ಮೊದಲೇ ಇಳಿಸಿ ಆಮೇಲೆ ಕ್ಲಚ್ಚನ್ನು ಹುಡುಕುವುದು. ಉಪ್ಪು ಗಾಳಿಯ ಈ ಊರುಗಳಲ್ಲಿ ಹಳೆಯ ಕಾರುಗಳ ಹ್ಯಾಂಡ್‌ಬ್ರೇಕಿನ ಕೇಬಲಿಗೆ ತುಕ್ಕು ಹಿಡಿದು ಹಿಡಿತ ಸಡಿಲವಾಗಿರುವುದುಂಟು, ಹೀಗಾಗಿ ಅಭ್ಯಾಸಕ್ಕೆ ಮೊದಲು ಸಣ್ಣ ಏರಿನಲ್ಲಿ ಅದೊಂದೇ ಕಾರನ್ನು ಹಿಡಿದು ನಿಲ್ಲಿಸುತ್ತದೆಯೇ ಎಂದು ಮೈದುನನಿಂದ ಪರೀಕ್ಷೆ ಮಾಡಿಸಿ.

ಮಳೆಗಾಲದ ಹೆದರಿಕೆ ನಿಮಗಿರುವುದು ಒಳ್ಳೆಯದೇ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಒಣ ರಸ್ತೆಯಲ್ಲಿ ಮಾತ್ರ ಕಲಿತವರಿಗೆ ಅರ್ಧ ವರ್ಷದ ಪಾಠ ಬಾಕಿಯಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎದುರಿಗೆ ಏನೋ ಕಂಡು ಕಾಲು ಬ್ರೇಕಿನ ಮೇಲೆ ಬರುವ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತದೆ, ಒದ್ದೆ ರಸ್ತೆಯಲ್ಲಿ ಅದರ ಬಳಿಕ ನಿಲ್ಲಲು ಒಣ ರಸ್ತೆಗಿಂತ ಬಹಳ ಹೆಚ್ಚು ದೂರ ಬೇಕು. ಬೇಸಗೆಯುದ್ದಕ್ಕೂ ಬಿದ್ದ ಎಣ್ಣೆ ಮತ್ತು ಧೂಳು ಮೊದಲ ಮಳೆಯಲ್ಲಿ ಕಲಸಿ ಜಾರುಪಟ್ಟೆಯಾಗುತ್ತದೆ. ಮೀನು ಸಾಗಿಸುವ ಗಾಡಿಗಳಿಂದ ಸೋರುವ ನೀರು ಮಳೆಯಿಲ್ಲದ ದಿನಗಳಲ್ಲಿಯೂ ಮಾರುಕಟ್ಟೆಯ ಹತ್ತಿರದ ತಿರುವುಗಳನ್ನು ಜಾರುವಂತೆ ಮಾಡುತ್ತದೆ, ಕಡಲ ಬದಿಯ ರಸ್ತೆಗಳಲ್ಲಿ ಗಾಳಿ ತಂದು ಹರಡಿದ ಮರಳೂ ಹಾಗೆಯೇ. ಇಂಥ ಕಡೆ ತಿರುವಿನ ಒಳಗೆ ಬ್ರೇಕ್ ಒತ್ತದೆ, ತಿರುವಿಗೆ ಮೊದಲೇ ವೇಗ ಇಳಿಸಿ ಗೇರು ಬದಲಿಸಿ. ಮಳೆಯಲ್ಲಿ ಮುಂದಿನ ಗಾಜಿನ ಒಳಬದಿ ಮಂಜು ಹಿಡಿದರೆ ಕೈಯಿಂದ ಒರೆಸುತ್ತಾ ಓಡಿಸಬೇಡಿ, ಎಸಿಯ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿದರೆ ಬೇಗ ತಿಳಿಯಾಗುತ್ತದೆ. ವೈಪರ್, ಹೆಡ್‌ಲೈಟ್, ಗಾಜಿನ ಗಾಳಿ ಇವುಗಳ ಗುಂಡಿ ಎಲ್ಲಿದೆ ಎಂಬುದನ್ನು ಪರೀಕ್ಷೆಯ ಕಾರಿನಲ್ಲಿ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ರಸ್ತೆಯಲ್ಲಿ ನಿಮ್ಮ ಪಕ್ಕ ಕುಳಿತ ಇನ್ಸ್‌ಪೆಕ್ಟರು ಬಹುಮಟ್ಟಿಗೆ ನೋಡುವುದು ನಿಮ್ಮ ಕಣ್ಣುಗಳನ್ನು. ಹೊರಡುವ ಮೊದಲು, ಇಂಡಿಕೇಟರ್ ಹಾಕುವ ಮೊದಲು, ಪಕ್ಕಕ್ಕೆ ಸರಿಯುವ ಮತ್ತು ನಿಲ್ಲಿಸುವ ಮೊದಲು ಕನ್ನಡಿ ನೋಡಬೇಕೆಂಬುದು ನಿಯಮದಲ್ಲಿಯೇ ಇದೆ. ನೋಡಿದ್ದು ಅವರಿಗೆ ತಿಳಿಯುವಂತೆ ಕತ್ತನ್ನು ಸ್ವಲ್ಪ ತಿರುಗಿಸಿಯೇ ನೋಡಿ. ಎಡಬದಿಯಲ್ಲಿಯೇ ಇರಿ. ರಾಷ್ಟ್ರೀಯ ಹೆದ್ದಾರಿ 66ರ ಸರ್ವೀಸ್ ರಸ್ತೆಗಳಿಗೆ ಇಳಿಯುವಾಗಲೂ ಅಲ್ಲಿಂದ ಏರುವಾಗಲೂ ಎದುರಿನಿಂದ ವಾಹನ ಬರಬಹುದೆಂದೇ ತಿಳಿದು ಎರಡೂ ಕಡೆ ನೋಡಿ. ಬಸ್ಸಿನವರು ಹಿಂದಿನಿಂದ ಹಾರನ್ ಹೊಡೆದರೆಂದು ನಿಮ್ಮ ವೇಗ ಹೆಚ್ಚಿಸಬೇಕಾಗಿಲ್ಲ, ಎಡಕ್ಕೆ ಸರಿದು ಅವರಿಗೆ ದಾರಿ ಕೊಡಿ, ಅದೂ ನಿಮ್ಮ ಪರೀಕ್ಷೆಯ ಭಾಗವೇ.

ಮಲಯಾಳದ ಬಗ್ಗೆ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಕಾಸರಗೋಡಿನಲ್ಲಿ ಕೆಲಸ ಮಾಡಿದ ಅಧಿಕಾರಿಗಳಲ್ಲಿ ಅನೇಕರಿಗೆ ಕನ್ನಡವೋ ತುಳುವೋ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ತೆಂಕಣ ಜಿಲ್ಲೆಗಳಿಂದ ಬಂದವರಿದ್ದರೂ ಪರೀಕ್ಷೆಯಲ್ಲಿ ಅವರು ಬಳಸುವ ಮಾತುಗಳು ಹತ್ತನ್ನು ಮೀರುವುದಿಲ್ಲ. ವಲತ್ತೋಟ್ಟ್ ಎಂದರೆ ಬಲಕ್ಕೆ, ಇಡತ್ತೋಟ್ಟ್ ಎಂದರೆ ಎಡಕ್ಕೆ. ಮುನ್ನೋಟ್ಟ್ ಮುಂದಕ್ಕೆ, ಪಿರಕೋಟ್ಟ್ ಹಿಂದಕ್ಕೆ, ಪದುಕ್ಕೆ ಎಂದರೆ ಮೆಲ್ಲಗೆ, ನಿರ್ತೂ ಎಂದರೆ ನಿಲ್ಲಿಸಿ. ನಮ್ಮ ಬಲವೇ ಅವರ ವಲ, ನಮ್ಮ ಎಡವೇ ಅವರ ಇಡ ಎಂದು ನೆನಪಿಟ್ಟರೆ ಗಲಿಬಿಲಿ ಆಗದು. ಮೈದುನನಿಗೆ ಹೇಳಿ, ಮುಂದಿನ ಭಾನುವಾರದಿಂದ ಆತ ಕಾರಿನಲ್ಲಿ ಕನ್ನಡ ಬಿಟ್ಟು ಈ ಮಾತುಗಳಲ್ಲಿಯೇ ಸೂಚನೆ ಕೊಡಲಿ. ಪರೀಕ್ಷೆಯಲ್ಲಿ ಒಂದು ಮಾತು ತಿಳಿಯದಿದ್ದರೆ ಊಹಿಸಿ ತಿರುಗಿಸಬೇಡಿ, ವೇಗ ಇಳಿಸಿ ಇನ್ನೊಮ್ಮೆ ಹೇಳಿ ಎಂದು ಕೇಳಿ.

ತವರಿನಲ್ಲಿ ಅಭ್ಯಾಸ ಮಾಡಬಹುದೇ ಎಂಬುದಕ್ಕೆ ಉತ್ತರ, ಖಂಡಿತವಾಗಿ ಮಾಡಬಹುದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲರ್ನರ್ಸ್ ಲೈಸೆನ್ಸು ಭಾರತದಾದ್ಯಂತ ನಡೆಯುತ್ತದೆ, ಗಡಿಯ ತಲಪಾಡಿ ದಾಟಿದರೂ ವಿಟ್ಲದಲ್ಲಿದ್ದರೂ ಅದಕ್ಕೆ ಬೆಲೆಯುಂಟು. ಆದರೆ ಎಲ್ಲಿ ಓಡಿಸಿದರೂ ಲೈಸೆನ್ಸು ಇರುವವರು ನಿಮ್ಮ ಪಕ್ಕದಲ್ಲಿ, ಬೇಕಾದಾಗ ಕಾರನ್ನು ನಿಲ್ಲಿಸಲು ಆಗುವಂತೆ ಕುಳಿತಿರಬೇಕು, ಕಾರಿನ ಮುಂದೆಯೂ ಹಿಂದೆಯೂ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು. ಹಲಗೆಯ ಅಳತೆ 18 ಸೆಂಟಿಮೀಟರ್ ಚೌಕ. ಪರೀಕ್ಷೆಯನ್ನು ಮಂಗಳೂರಿನಲ್ಲಿ ಕೊಡುವ ಯೋಚನೆಯನ್ನು ಬಿಡಿ. ನೀವು ವಾಸವಾಗಿರುವ, ವ್ಯವಹಾರ ನಡೆಸುವ ಅಥವಾ ನೀವು ಕಲಿತ ಡ್ರೈವಿಂಗ್ ಶಾಲೆ ಇರುವ ರಾಜ್ಯದಲ್ಲಿ ಮಾತ್ರ ಅರ್ಜಿ ಹಾಕಬೇಕೆಂಬುದು ಕಾನೂನು. ನಿಮ್ಮ ಮನೆ ಈಗ ಕುಂಬಳೆಯಲ್ಲಿದೆ, ಹೀಗಿರುವಾಗ ತವರಿನ ವಿಳಾಸ ತೋರಿಸಿ ಅರ್ಜಿ ಹಾಕಿಸುತ್ತೇವೆ ಎನ್ನುವ ಮಧ್ಯವರ್ತಿಗಳ ಮಾತಿಗೆ ದಯವಿಟ್ಟು ಮರುಳಾಗಬೇಡಿ. ಎಲ್ಲಿ ಪಾಸಾದರೂ ಲೈಸೆನ್ಸಿನ ಬೆಲೆ ಒಂದೇ.

ಪರೀಕ್ಷೆಯ ದಿನದ ಸಣ್ಣ ಸಂಗತಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ದಪ್ಪ ಅಟ್ಟೆಯ ಚಪ್ಪಲಿ ಬೇಡ, ಪೆಡಲಿನ ಒತ್ತಡ ಪಾದಕ್ಕೆ ತಿಳಿಯುವಂಥ ತೆಳು ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಹಾಕಿಕೊಳ್ಳಿ. ಮಳೆಯಲ್ಲಿ ಒದ್ದೆಯಾದ ಅಟ್ಟೆಯನ್ನು ಒರೆಸಿಯೇ ಒಳಗೆ ಕೂರಿ. ಎರಡನೆಯದಾಗಿ, ಕಾರಿಗೆ ಹತ್ತಿದೊಡನೆ ಕೀಲಿ ತಿರುಗಿಸಬೇಡಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗ ಮೊಣಕಾಲು ತುಸು ಬಾಗಿರುವಂತೆ ಸೀಟು ಸರಿಪಡಿಸಿ, ಮೂರು ಕನ್ನಡಿಗಳನ್ನು ಹೊಂದಿಸಿ, ಸೀಟ್ ಬೆಲ್ಟ್ ಹಾಕಿ, ಆಮೇಲೆ ಹೊರಡುವ ಮೊದಲು ಬ್ರೇಕ್ ಒತ್ತಿ ಹಿಡಿದು ಹಾಫ್ ಕ್ಲಚ್ ಎಲ್ಲಿ ಸಿಗುತ್ತದೆಂದು ಒಂದು ಸಲ ಮೆಲ್ಲಗೆ ತಡಕಿ ನೋಡಿ. ಹಿಂದೆ ಸಾಲಿನಲ್ಲಿ ನಿಂತವರು ಅವಸರಪಡಿಸಿದರೂ ಈ ಅರ್ಧ ನಿಮಿಷವನ್ನು ಬಿಟ್ಟುಕೊಡಬೇಡಿ. ಎರಡನೆಯ ಸಲ ಈ ಅರ್ಧ ನಿಮಿಷ ಸಿಕ್ಕಿದ್ದರೆ ನಿಮ್ಮ ಎಂಜಿನ್ ಬಂದ್ ಆಗುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ.

ಕೊನೆಗೆ, ಹೋಗಲೇ ಮುಂದೂಡಲೇ ಎಂಬ ಪ್ರಶ್ನೆ. ಒಮ್ಮೆ ಸೋತವರು 7 ದಿನಗಳ ಬಳಿಕ ಮತ್ತೆ ಪರೀಕ್ಷೆಗೆ ಹೋಗಬಹುದು, ಆದರೆ ಮೂರು ಸಲ ಸೋತರೆ ಕೊನೆಯ ಪರೀಕ್ಷೆಯ ದಿನದಿಂದ 60 ದಿನ ಕಾಯಬೇಕಾಗುತ್ತದೆ. ಲರ್ನರ್ಸ್ ಲೈಸೆನ್ಸಿನ ಅವಧಿ 6 ತಿಂಗಳು ಮಾತ್ರ, ಅದಕ್ಕಾಗಿ ಈಗಲೇ ಅದರ ಕೊನೆಯ ದಿನಾಂಕವನ್ನು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟು ವಾರಗಳು ನಿಮ್ಮ ಕೈಯಲ್ಲಿವೆ ಎಂದು ತಿಳಿದುಕೊಳ್ಳಿ. ಆ ವಾರಗಳೊಳಗೆ ನಿಮ್ಮದಲ್ಲದ ಇನ್ನೊಂದು ಕಾರಿನಲ್ಲಿ, ಯಾರೂ ಪಕ್ಕದಿಂದ ಬಾಯಿಬಿಡದೆ, ಕಂಬ ತಾಗದಂತೆ ಮತ್ತು ಎಂಜಿನ್ ಬಂದ್ ಬೀಳದಂತೆ ಸತತ ಐದು ಸಲ ‘ಎಚ್’ ಮುಗಿಸಲು ಆದರೆ ಲೈಸೆನ್ಸಿನ ಅರ್ಜಿ ಹಾಕುವ ಸಾರಥಿ ಪೋರ್ಟಲಿನಲ್ಲಿ ಸಿಗುವ ಮೊದಲ ದಿನಾಂಕಕ್ಕೆ ಹೋಗಿ. ಐದರಲ್ಲಿ ನಾಲ್ಕು ಆಗಿ ಒಂದು ತಪ್ಪಿದರೆ ಇನ್ನೆರಡು ಭಾನುವಾರ ಅಂಗಳದಲ್ಲಿಯೇ ಕಳೆಯಿರಿ, ಲರ್ನರ್ಸ್ ಅವಧಿ ಅಷ್ಟರಲ್ಲಿ ಮುಗಿಯುವಂತಿದ್ದರೂ ಹೊಸದನ್ನು ಮಾಡಿಸಿಕೊಂಡು ತಯಾರಾಗಿಯೇ ಹೋಗಿ.